ಎಡಗಣ್ಣಿಗೂ ಒಂದು ಹನಿ

ನಮ್ಮ ಚಿಕ್ಕಮ್ಮ ಔಷಧಿ ಕಂಪನಿಯ ಪ್ರಯೋಗಾಲಯಕ್ಕೆ ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ಓದು ಹತ್ತನೇ ತರಗತಿಗೆ ನಿಂತಿತ್ತು, ಬಾಯಿ ಮಾತ್ರ ಎಲ್ಲಿಯೂ ನಿಂತಿರಲಿಲ್ಲ. ಸಂದರ್ಶನದಲ್ಲಿ ಮ್ಯಾನೇಜರು "ಗಾಜು ಒಡೆದು ಹಾಕ್ತೀಯಾ?" ಎಂದು ಕೇಳಿದರಂತೆ. "ಒಡೆದ್ರೆ ಬಂದು ಹೇಳ್ತೀನಿ ಸರ್, ಬಚ್ಚಿಡಲ್ಲ" ಎಂದಳಂತೆ ಇವಳು. ಹಿಂದೆ ಆ ಕೆಲಸದಲ್ಲಿದ್ದವನು ಆರು ವರ್ಷದ ಚೂರುಗಳನ್ನೆಲ್ಲ ನೀರಿನ ಟ್ಯಾಂಕಿನ ಹಿಂದೆ ಗುಡ್ಡೆ ಹಾಕಿದ್ದು ಆ ವಾರವಷ್ಟೇ ಬೆಳಕಿಗೆ ಬಂದಿತ್ತು. ಮ್ಯಾನೇಜರು ಮುಂದೆ ಏನನ್ನೂ ಕೇಳಲಿಲ್ಲ.

ತೊಳೆಯುವ ಕೋಣೆಯಲ್ಲಿ ಮೂರು ತೊಟ್ಟಿ, ಗೋಡೆಗೆ ನೇತುಹಾಕಿದ ಹದಿನಾಲ್ಕು ಬಗೆಯ ಬ್ರಷ್ಷು, ಮೂಲೆಯಲ್ಲಿ ಒಣಗಿಸುವ ಬಿಸಿ ಪೆಟ್ಟಿಗೆ. ಚಿಕ್ಕಮ್ಮ ಪ್ರತಿಯೊಂದು ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಎರಡು ವರ್ಷದೊಳಗೆ, ಸೀಸೆಯ ತಳದಲ್ಲಿ ಉಳಿದ ಕಲೆ ನೋಡಿಯೇ ಇದು ಯಾವ ಕೆಮಿಸ್ಟನದು, ಅವನು ಆವತ್ತು ಅವಸರದಲ್ಲಿದ್ದನೋ ನಿಧಾನವಾಗಿದ್ದನೋ ಎನ್ನುವುದನ್ನು ಹೇಳುವಷ್ಟಾಗಿದ್ದಳು. "ನಿನ್ನೆ ಯಾರ ಜೊತೆಗಾದ್ರೂ ಜಗಳ ಆಯ್ತಾ ಸರ್? ಮೂರು ಸೀಸೇಲೂ ತಳ ಹತ್ತಿಸಿದೀರಿ" ಎಂದು ಕೇಳಿ ಒಬ್ಬ ಕೆಮಿಸ್ಟನನ್ನು ಅಳಿಸಿಯೇಬಿಟ್ಟಿದ್ದಳು. ಅವನಿಗೆ ನಿಜವಾಗಿಯೂ ಹಿಂದಿನ ದಿನ ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತು.

ಮೂರನೇ ವರ್ಷ ಅವಳ ಮದುವೆಯಾಯಿತು. ಚಿಕ್ಕಪ್ಪನಿಗೆ ಬಸ್ ನಿಲ್ದಾಣದ ಎದುರು ಎರಡು ಕುರ್ಚಿಯ ಸಲೂನಿತ್ತು. ಅವಳ ಬಾಯಿಗೂ ಅವನ ಕತ್ತರಿಗೂ ಸರಿಯಾದ ಜೋಡಿ ಎಂದು ನಮ್ಮ ಮನೆಯವರೆಲ್ಲ ನಕ್ಕಿದ್ದರು. ಆದರೆ ಚಿಕ್ಕಪ್ಪ ಮೂರು ಮಾತಿಗೆ ಒಂದು ಮಾತಾಡುವ ಮನುಷ್ಯ. ಗಿರಾಕಿಗಳೇ ಮಾತಾಡುತ್ತಾರೆ, ತಾನು ಕೇಳಿಸಿಕೊಂಡರೆ ಸಾಕು ಎನ್ನುತ್ತಿದ್ದ. ಮನೆಯಲ್ಲೂ ಅದೇ ಪದ್ಧತಿ ನಡೆಯಿತು.

ಪ್ರಯೋಗಾಲಯದ ಕಣ್ಣಿನ ವಿಭಾಗಕ್ಕೆ ಅವಳನ್ನು ಕರೆಸಿಕೊಂಡದ್ದು ಆ ಬಾಯಿಯ ಕಾರಣಕ್ಕೇ. ಅಲ್ಲಿಗೆ ಬರುವ ರೋಗಿಗಳು ಬಿಳಿ ಕೋಟು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಅವರನ್ನು ಕೂರಿಸಿ, ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಹೆದರದಂತೆ ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಯಂತ್ರದ ನೀಲಿ ಬೆಳಕನ್ನು ನೋಡಿ ಕಣ್ಣಿನ ಒತ್ತಡ ಅಳೆಯುವುದನ್ನು ಚಿಕ್ಕಮ್ಮ ಎರಡೇ ತಿಂಗಳಲ್ಲಿ ಕಲಿತಳು.

ಅಲ್ಲಿ ತಯಾರಾಗುತ್ತಿದ್ದ ವಸ್ತುವಿನ ಹೆಸರು ನಾಲಿಗೆಯ ಮೇಲೆ ಹೊರಳುವುದಕ್ಕೆ ಮಾತ್ರ ಹೆಚ್ಚು ಸಮಯ ಹಿಡಿಯಿತು. ಪ್ರೋಸ್ಟಾಗ್ಲಾಂಡಿನ್. ಅದನ್ನು ಅವಳಿಗೆ ಅರ್ಥ ಮಾಡಿಸಿದವನು ಸೀಸೆಯ ತಳ ಹತ್ತಿಸಿದ್ದ ಅದೇ ಕೆಮಿಸ್ಟು. ಅಷ್ಟು ಹೊತ್ತಿಗೆ ಅವನು ಇವಳನ್ನು ಅಕ್ಕ ಎಂದು ಕರೆಯತೊಡಗಿದ್ದ.

"ಇದು ನಾವು ಕಂಡುಹಿಡಿದಿದ್ದಲ್ಲ ಅಕ್ಕ. ನಿಮ್ಮ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಎಲ್ಲಿ ಬೇಕೋ ಅಲ್ಲೇ ಹುಟ್ಟುತ್ತೆ, ಅಕ್ಕಪಕ್ಕದವರಿಗೆ ಏನೋ ಹೇಳುತ್ತೆ, ಹೊರಟುಹೋಗುತ್ತೆ. ಗಾಯ ಆದ್ರೆ ಊದಿಸೋದೂ ಇದೇ, ಜ್ವರ ಏರಿಸೋದೂ ಇದೇ, ಹೆರಿಗೆ ನೋವು ಬರಿಸೋದೂ ಇದೇ."

"ಎಲ್ಲ ತಂಟೆಗೂ ಇದೇ ಮೂಲ ಅನ್ನಿ."

"ಬರೀ ತಂಟೆ ಅಲ್ಲ. ಹೊಟ್ಟೆ ಒಳಗೆ ಹುಣ್ಣಾಗದ ಹಾಗೆ ಕಾಯೋದೂ ಇದೇ."

"ಹಾಗಾದ್ರೆ ನಮ್ಮತ್ತೆ ಥರ. ಬೈಯೋದೂ ಅವರೇ, ಕಾಯೋದೂ ಅವರೇ."

ಮನೆಯಲ್ಲಿ ಈ ಹೆಸರು ಬೇರೊಂದು ಗೊಂದಲ ಎಬ್ಬಿಸಿತು. ಮೊಟ್ಟಮೊದಲು ಈ ವಸ್ತು ಸಿಕ್ಕಾಗ ಅದು ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟುತ್ತದೆ ಎಂದು ತಪ್ಪು ತಿಳಿದು, ಆ ಹೆಸರನ್ನೇ ಇಟ್ಟುಬಿಟ್ಟಿದ್ದರು. ಚಿಕ್ಕಮ್ಮನ ಮಾವನವರು ಆಗಷ್ಟೇ ಅದೇ ಗ್ರಂಥಿಯ ತೊಂದರೆಗೆ ಡಾಕ್ಟರ ಬಳಿ ಓಡಾಡುತ್ತಿದ್ದರು. ಸೊಸೆ ಊಟದ ಹೊತ್ತಿನಲ್ಲಿ ಉತ್ಸಾಹದಿಂದ ವಿವರಿಸುತ್ತಿದ್ದರೆ ಅವರು ತುತ್ತು ಕೆಳಗಿಟ್ಟು, "ಅಲ್ಲಮ್ಮ, ಅಲ್ಲಿಂದ ತೆಗೆದು ಕಣ್ಣಿಗೆ ಬಿಡ್ತೀರಾ?" ಎಂದರು. ಚಿಕ್ಕಮ್ಮ ಇಲ್ಲ ಮಾವ, ಅಲ್ಲಿಂದಲ್ಲ, ಸೀಸೆಯಲ್ಲಿ ಮಾಡುತ್ತೇವೆ ಎಂದು ಎಷ್ಟು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಮುಂದೆ ಆ ಮನೆಯಲ್ಲಿ ಯಾರಿಗೆ ಕಣ್ಣುರಿ ಬಂದರೂ ಮಾವನವರು ಸೊಸೆಯ ಕಂಪನಿಯ ಹನಿ ಬೇಡವೇ ಬೇಡ ಎನ್ನುತ್ತಿದ್ದರು.

ಕಣ್ಣಿಗೂ ಈ ವಸ್ತುವಿಗೂ ಇದ್ದ ಸಂಬಂಧ ಹೀಗೆ. ಕಣ್ಣಿನೊಳಗೆ ಒಂದು ಬಗೆಯ ನೀರು ಹುಟ್ಟುತ್ತಲೇ ಇರುತ್ತದೆ, ಸಣ್ಣದೊಂದು ಮೋರಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ. ಆ ಮೋರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ನೋವೂ ಇಲ್ಲದೆ ಸದ್ದೂ ಇಲ್ಲದೆ ದೃಷ್ಟಿ ಅಂಚಿನಿಂದ ಕರಗುತ್ತ ಬರುತ್ತದೆ. ಅದೇ ಗ್ಲಾಕೋಮಾ. ಪ್ರೋಸ್ಟಾಗ್ಲಾಂಡಿನ್ ಒಂದು ಹನಿ ಬಿದ್ದರೆ ನೀರು ಇನ್ನೊಂದು ದಾರಿ ಹಿಡಿದು ಹೊರಗೆ ಹೋಗುತ್ತದೆ. ಆದರೆ ಮೈಯಲ್ಲಿ ಇರುವ ಹಾಗೆಯೇ ಬಿಟ್ಟರೆ ಕಣ್ಣು ಉರಿದು ಕೆಂಪಾಗುತ್ತದೆ. ಅದಕ್ಕೇ ಕೆಮಿಸ್ಟರು ಅದರ ಅಣುವಿಗಿರುವ ಬಾಲದಂಥ ಭಾಗದ ತುದಿ ಕತ್ತರಿಸಿ ಬೇರೆ ಬೇರೆ ತುದಿ ಜೋಡಿಸಿ, ಒಂದೊಂದಕ್ಕೂ ಒಂದು ನಂಬರು ಕೊಟ್ಟು ನೋಡುತ್ತಿದ್ದರು. ಹನ್ನೊಂದನೇ ನಂಬರು ಮೊಲದ ಕಣ್ಣನ್ನು ಕೆಂಡ ಮಾಡಿತು. ಹತ್ತೊಂಬತ್ತನೆಯದು ಕೆಂಪು ಮಾಡಲಿಲ್ಲ, ಬೇರೇನನ್ನೂ ಮಾಡಲಿಲ್ಲ. ಇಪ್ಪತ್ತಾರನೆಯದು ಸೀಸೆಯಲ್ಲೇ ಕೆಟ್ಟುಹೋಯಿತು. ನಾಲ್ಕು ವರ್ಷವಾದ ಮೇಲೆ ಮೂವತ್ನಾಲ್ಕನೆಯದು ಹೇಳಿದ ಮಾತು ಕೇಳಿತು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಎತ್ತರದಲ್ಲಿ ಅವರೇ ಎಲ್ಲರಿಗಿಂತ ಚಿಕ್ಕವರು, ಹೆಸರು ಬಂದದ್ದು ದನಿಯಿಂದ. ಪಕ್ಕದ ಆಸ್ಪತ್ರೆಯ ಕಣ್ಣಿನ ಡಾಕ್ಟರ ಜೊತೆ ಸೇರಿ ಅವರು ಮೂವತ್ತು ಜನರನ್ನು ಆರಿಸಿದರು. ಎಲ್ಲರಿಗೂ ಎರಡೂ ಕಣ್ಣಿನಲ್ಲಿ ಸ್ವಲ್ಪ ಒತ್ತಡ, ಯಾರ ದೃಷ್ಟಿಯೂ ಇನ್ನೂ ಕೆಟ್ಟಿರಲಿಲ್ಲ, ಎಲ್ಲರೂ ಒಪ್ಪಿ ಸಹಿ ಹಾಕಿದ್ದರು. ಒಬ್ಬೊಬ್ಬರಿಗೆ ಎರಡು ಪುಟ್ಟ ಸೀಸೆ. ಕೆಂಪು ಮುಚ್ಚಳದ್ದು ಬಲಗಣ್ಣಿಗೆ, ಅದರಲ್ಲಿ ಮೂವತ್ನಾಲ್ಕನೇ ನಂಬರು. ಬಿಳಿ ಮುಚ್ಚಳದ್ದು ಎಡಗಣ್ಣಿಗೆ, ಅದರಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಏನಿದೆ ಎಂದು ರೋಗಿಗಳಿಗೆ ಹೇಳಿರಲಿಲ್ಲ. ಆದರೆ ಒಂದು ಸೀಸೆಯ ಹನಿ ಚುರ್ರೆನ್ನುತ್ತದೆ, ಇನ್ನೊಂದು ಏನೂ ಅನ್ನುವುದಿಲ್ಲ. ಅಷ್ಟು ತಿಳಿಯುವುದಕ್ಕೆ ಯಾರೂ ವಿಜ್ಞಾನಿಯಾಗಬೇಕಿರಲಿಲ್ಲ. ವಾರದೊಳಗೆ ಮೂವತ್ತೂ ಜನಕ್ಕೆ ಗೊತ್ತಾಗಿತ್ತು.

ಚಿಕ್ಕಮ್ಮನ ಕೆಲಸ ನಮೂನೆ ತುಂಬುವುದು. ದಿನಾಂಕ, ಬಲಗಣ್ಣಿನ ಒತ್ತಡ, ಎಡಗಣ್ಣಿನ ಒತ್ತಡ, ಕೆಂಪು ಇದೆಯೋ ಇಲ್ಲವೋ, ಕೊನೆಯಲ್ಲಿ 'ಇತರೆ' ಎಂದು ಒಂದು ಸಣ್ಣ ಕಿಂಡಿ. ಆ ಕಿಂಡಿಯಲ್ಲಿ 'ಏನೂ ಇಲ್ಲ' ಎಂದು ಬರೆಯಬೇಕೆಂಬುದು ದೊಡ್ಡ ಡಾಕ್ಟರ ನಿರೀಕ್ಷೆ. ಚಿಕ್ಕಮ್ಮ ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಜಾಗ ಸಾಲದೆ ಹಾಳೆಯ ಹಿಂದಕ್ಕೂ ಹೋಗುತ್ತಿದ್ದಳು. 'ಮಗಳ ಜೊತೆ ಮಾತು ಬಿಟ್ಟಿದ್ದಾರೆ, ಅದಕ್ಕೆ ಎರಡು ದಿನ ಹನಿ ಬಿಟ್ಟಿಲ್ಲ.' 'ಬಲಗಣ್ಣಿನ ಕನ್ನಡಕದ ಗಾಜು ಮಾತ್ರ ಪದೇ ಪದೇ ಕೊಳೆಯಾಗುತ್ತದಂತೆ, ಒರೆಸಿ ಒರೆಸಿ ಸಾಕಾಗಿದೆಯಂತೆ.'

ಈ ಎರಡನೆಯದನ್ನು ಹೇಳಿದವರು ಒಬ್ಬ ಟೈಲರು. ಕೆಲಸ ಬಿಟ್ಟು ಐದು ವರ್ಷವಾಗಿದ್ದರೂ ಎದುರಿಗೆ ಕೂತವರ ಭುಜದ ಅಳತೆ ಕಣ್ಣಲ್ಲೇ ತೆಗೆಯುವ ಅಭ್ಯಾಸ ಬಿಟ್ಟಿರಲಿಲ್ಲ. ದೊಡ್ಡ ಡಾಕ್ಟರು ಆ ಸಾಲು ಓದಿ, "ಕನ್ನಡಕ ಒರೆಸೋದು ನಮ್ಮ ಸಂಶೋಧನೆ ಅಲ್ಲಮ್ಮ" ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಎಂಟನೇ ವಾರದಲ್ಲಿ ಒಂದು ಸಂಜೆ, ಊಟಕ್ಕೆ ಕೂತಾಗ ಚಿಕ್ಕಪ್ಪ ತಾನಾಗಿಯೇ ಬಾಯಿ ತೆರೆದ. ಅದೇ ಒಂದು ಸುದ್ದಿ.

"ಇವತ್ತೊಬ್ರು ಬಂದಿದ್ರು. ಗಡ್ಡ ಬೇಡ, ತಲೆ ಬೇಡ, ಒಂದು ಕಣ್ಣಿನ ರೆಪ್ಪೆಗೂದಲು ಕತ್ತರಿಸಿಕೊಡು ಅಂದ್ರು."

"ಒಂದು ಕಣ್ಣಿಂದಾ?"

"ಬಲಗಡೇದು. ಕನ್ನಡಕಕ್ಕೆ ತಾಗುತ್ತಂತೆ. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಿದ್ದೀನಿ, ಇಂಥ ಕೆಲಸ ಯಾರೂ ಹೇಳಿರಲಿಲ್ಲ. ನೋಡಿದ್ರೆ ನಿಜ. ಎಡಗಡೆ ಅರವತ್ತೆಂಟು ವರ್ಷದ ಮುದುಕನ ರೆಪ್ಪೆ, ಬಲಗಡೆ ಎಳೇ ಕರುವಿನ ರೆಪ್ಪೆ."

"ಕತ್ತರಿಸಿದ್ರಾ?"

"ಕಣ್ಣಿನ ಹತ್ತಿರ ಕತ್ತರಿ ತರಲ್ಲ ಅಂದೆ. ಬೇಜಾರಾಯ್ತು ಅವರಿಗೆ. ಹೋಗ್ತಾ ನನ್ನ ಅಂಗಿ ಹೆಗಲಲ್ಲಿ ಅರ್ಧ ಇಂಚು ಹೆಚ್ಚಾಗಿದೆ ಅಂದ್ರು."

ಚಿಕ್ಕಮ್ಮ ಊಟ ಬಿಟ್ಟು ಎದ್ದು ನಿಂತಳು.

ಮರುವಾರ ಟೈಲರು ಬಂದಾಗ ಅವರ ಗದ್ದವನ್ನು ಯಂತ್ರದ ಮೇಲಿಟ್ಟು ಒತ್ತಡ ನೋಡುವ ಮೊದಲು ರೆಪ್ಪೆ ನೋಡಿದಳು. "ಅಳೀಲಾ ಸರ್?" ಎಂದಾಗ ಟೈಲರು ಹಿಗ್ಗಿ ಜೇಬಿನಿಂದ ತಮ್ಮ ಟೇಪನ್ನೇ ತೆಗೆದುಕೊಟ್ಟರು. ಅದು ಸೊಂಟಕ್ಕೆ ಸರಿ, ರೆಪ್ಪೆಗೆ ಒಗ್ಗಲಿಲ್ಲ. ಕೆಮಿಸ್ಟನ ಬಳಿಯಿದ್ದ ತೆಳು ಸ್ಕೇಲು ತಂದು, ಭೂತಗನ್ನಡಿ ಹಿಡಿದು ಅಳೆದಳು. ಎಡಗಡೆ ಎಂಟು ಮಿಲಿಮೀಟರು, ಬಲಗಡೆ ಹನ್ನೊಂದು. ಅಂದಿನಿಂದ ಬಂದವರನ್ನೆಲ್ಲ ಅಳೆದಳು. ಮೂವತ್ತು ಜನರಲ್ಲಿ ಹತ್ತೊಂಬತ್ತು ಜನರಿಗೆ ಬಲರೆಪ್ಪೆ ಉದ್ದ, ದಟ್ಟ, ಕಪ್ಪು.

ಪಟ್ಟಿ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅವರು ತಲೆ ಎತ್ತದೆ, "ಒತ್ತಡ ಎಷ್ಟಿಳಿದಿದೆ?" ಎಂದರು.

"ಇಪ್ಪತ್ನಾಲ್ಕಿಂದ ಹದಿನೇಳಕ್ಕೆ ಬಂದಿದೆ ಸರ್, ಬಲಗಣ್ಣಲ್ಲಿ. ಅದರ ಜೊತೆಗೆ ರೆಪ್ಪೆ—"

"ಇದು ಬ್ಯೂಟಿ ಪಾರ್ಲರ್ ಅಲ್ಲಮ್ಮ."

ಅವಳು ಪಟ್ಟಿಯನ್ನು ಮಡಿಚಿ ತನ್ನ ಡ್ರಾಯರಿನಲ್ಲಿ ಇಟ್ಟುಕೊಂಡಳು. ಆದರೆ ಅಳೆಯುವುದನ್ನು ಬಿಡಲಿಲ್ಲ.

ಮೂರನೇ ತಿಂಗಳು ಕೈಕೊಟ್ಟಿತು. ಬರೀ ಉಪ್ಪುನೀರು ಬಿಡುತ್ತಿದ್ದ ಎಡಗಣ್ಣಿನ ಒತ್ತಡವೂ ಎಂಟು ಜನರಲ್ಲಿ ಸರಸರನೆ ಇಳಿಯತೊಡಗಿತು. ಚಿಕ್ಕಮ್ಮ ಯಂತ್ರ ಕೆಟ್ಟಿದೆಯೆಂದು ಎರಡು ಸಲ ಪರೀಕ್ಷಿಸಿದಳು, ಕೆಮಿಸ್ಟು ಮೂರನೇ ಸಲ ಪರೀಕ್ಷಿಸಿದ. ಯಂತ್ರ ಸರಿಯಿತ್ತು. ದೊಡ್ಡ ಡಾಕ್ಟರಿಗೆ ಮಾತ್ರ ಗಾಬರಿಯಾಗಲಿಲ್ಲ, ಅವರ ಮುಖ ಅರಳಿತು. ಇಡೀ ದಿನ ಬಾಗಿಲು ಹಾಕಿಕೊಂಡು ಕೂತು, ಸಂಜೆ ಹೊರಗೆ ಬಂದು ವಿಭಾಗದವರನ್ನೆಲ್ಲ ಸೇರಿಸಿದರು.

"ಒಂದು ಕಣ್ಣಿಗೆ ಔಷಧಿ ಬಿದ್ದದ್ದು ಇನ್ನೊಂದು ಕಣ್ಣಿಗೆ ತಿಳಿಯುತ್ತೆ. ಬಲಗಣ್ಣು ಮೆದುಳಿಗೆ ಹೇಳುತ್ತೆ, ಮೆದುಳು ಎಡಗಣ್ಣಿಗೆ ಹೇಳುತ್ತೆ. ಇದಕ್ಕೆ ಸೋದರ ಕಣ್ಣಿನ ಸ್ಪಂದನ ಅಂತ ಹೆಸರಿಟ್ಟಿದ್ದೀನಿ."

ಹಲಗೆಯ ಮೇಲೆ ಎರಡು ಕಣ್ಣು, ನಡುವೆ ಮೆದುಳು, ಸುತ್ತಲೂ ಬಾಣಗಳು. ಬರುವ ಗುರುವಾರ ಕಂಪನಿಯ ಆಡಳಿತ ಮಂಡಳಿಯ ಮುಂದೆ ಇದನ್ನೇ ಮಂಡಿಸುವುದೆಂದು ತೀರ್ಮಾನವಾಯಿತು. ಒಂದೇ ಕಣ್ಣಿಗೆ ಹನಿ ಹಾಕಿದರೆ ಎರಡೂ ವಾಸಿಯಾಗುವ ಔಷಧಿ ಜಗತ್ತಿನಲ್ಲೇ ಇಲ್ಲ ಎಂದು ಅವರು ಹೇಳುವಾಗ ದನಿ ಕೊನೆಯ ಕಟ್ಟಡದವರೆಗೆ ಕೇಳಿಸಿತಂತೆ.

ಚಿಕ್ಕಮ್ಮ ಡ್ರಾಯರು ಎಳೆದು ತನ್ನ ಪಟ್ಟಿ ತೆಗೆದಳು. ಎಡಗಣ್ಣಿನ ಒತ್ತಡ ಇಳಿದ ಎಂಟೂ ಜನ ರೆಪ್ಪೆಯ ಪಟ್ಟಿಯಲ್ಲಿದ್ದರು. ಅಷ್ಟೇ ಅಲ್ಲ, ಆ ಎಂಟು ಜನರದ್ದು ಮಾತ್ರ ಈಚೆಗೆ ಎರಡೂ ಕಡೆಯ ರೆಪ್ಪೆ ಹೆಚ್ಚುಕಡಿಮೆ ಸಮನಾಗುತ್ತ ಬಂದಿತ್ತು. ಮೆದುಳು ಬೇಕಾದರೆ ಒತ್ತಡದ ಸುದ್ದಿ ಹೇಳಲಿ, ರೆಪ್ಪೆ ಬೆಳೆಸು ಎಂದೂ ಹೇಳುತ್ತದೆಯೇ ಎಂದು ಅವಳಿಗೆ ಅನುಮಾನ ಬಂತು.

ಅವಳು ನೇರವಾಗಿ ಹೋದದ್ದು ತನ್ನ ಹಳೆಯ ತೊಳೆಯುವ ಕೋಣೆಗೆ. ರೋಗಿಗಳು ತಿಂಗಳಿಗೊಮ್ಮೆ ಹಿಂದಿರುಗಿಸಿದ ಸೀಸೆಗಳು ಅಲ್ಲಿ ಚೀಟಿ ಅಂಟಿಸಿಕೊಂಡು ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಎಂಟು ಜನರ ಹದಿನಾರು ಸೀಸೆ ಆರಿಸಿದಳು. ಬೆಳಕಿಗೆ ಹಿಡಿಯುವ ಅಗತ್ಯವೂ ಇರಲಿಲ್ಲ. ಬಿಳಿ ಮುಚ್ಚಳದವು ಮುಕ್ಕಾಲು ತುಂಬಿದ್ದವು, ಕೆಂಪು ಮುಚ್ಚಳದವು ಬರಿದಾಗಿದ್ದವು. ಒಂದನ್ನಂತೂ ಕೊನೆಯ ಹನಿಗಾಗಿ ಹಿಂಡಿ ಹಿಂಡಿ ಸೊಟ್ಟ ಮಾಡಿದ್ದರು. ಅದರ ಚೀಟಿಯಲ್ಲಿದ್ದದ್ದು ಹೆಡ್‌ಮೇಡಂ ಹೆಸರು.

ಹೆಡ್‌ಮೇಡಂ ಎಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಕಾಯುವ ಕೋಣೆಗೆ ಅವರು ಕಾಲಿಟ್ಟರೆ ಎಂಬತ್ತರ ಅಜ್ಜಂದಿರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ದೊಡ್ಡ ಡಾಕ್ಟರು ಚಿಕ್ಕಂದಿನಲ್ಲಿ ಅವರ ಬಳಿಯೇ ಗಣಿತ ಕಲಿತಿದ್ದರು, ಇವತ್ತಿಗೂ ಅವರೆದುರು ಕೂರುತ್ತಿರಲಿಲ್ಲ. ಹನಿ ಹಾಕಿದ ಹೊತ್ತನ್ನು ನಿಮಿಷದ ಸಮೇತ ಬರೆದು ತರುತ್ತಿದ್ದವರು ಅವರೊಬ್ಬರೇ.

ಚಿಕ್ಕಮ್ಮ ಅವರ ಮನೆಗೆ ಹೋದಳು. ಮುಂದಿನ ಕೋಣೆಯಲ್ಲಿ ಪುಸ್ತಕದ ಬೀರು, ಕಿಟಕಿಯ ಪಕ್ಕದಲ್ಲಿ ಕನ್ನಡಿ. ಅತ್ತ ಇತ್ತ ಮಾತಾಡಿ, ಕೊನೆಗೆ ಸೊಟ್ಟ ಸೀಸೆಯನ್ನು ಮೇಜಿನ ಮೇಲಿಟ್ಟಳು. ಹೆಡ್‌ಮೇಡಂ ಅದನ್ನು ಕೈಗೆತ್ತಿಕೊಂಡು ಚೀಟಿಯಲ್ಲಿದ್ದ ತಮ್ಮ ಹೆಸರು ಓದಿದರು.

"ಮೂವತ್ತೆಂಟು ವರ್ಷ ಮಕ್ಕಳ ಜೇಬಿಂದ ಕಾಪಿ ಚೀಟಿ ತೆಗೆದಿದ್ದೀನಿ ಕಣಮ್ಮ. ಇವತ್ತು ನನ್ನ ಜೇಬಿಗೆ ಕೈ ಹಾಕಿದೆ ನೀನು."

"ಬೈಯೋಕೆ ಬಂದಿಲ್ಲ ಮೇಡಂ. ಎಡಗಣ್ಣಿಗೂ ಕೆಂಪು ಸೀಸೇದೇ ಬಿಟ್ರಾ?"

"ಒಂದು ಕಣ್ಣು ಮದುವೆಮನೆಗೆ ಹೊರಟ ಹಾಗಿತ್ತು, ಇನ್ನೊಂದು ಆಸ್ಪತ್ರೆಯಿಂದ ಬಂದ ಹಾಗಿತ್ತು. ತಂಗಿ ಮಗಳು ನೋಡಿ, ದೊಡ್ಡಮ್ಮ ಒಂದೇ ಕಣ್ಣಿಗೆ ಬಣ್ಣ ಹಚ್ಕೊಂಡಿದ್ದೀರಾ ಅಂದ್ಲು. ಬಣ್ಣ ಹಚ್ಚೋಕೆ ನಾನು ಶಾಲೇಲಿ ಹುಡುಗೀರನ್ನೇ ಬಿಟ್ಟವಳಲ್ಲ." ಅವರು ತಡೆದು, ದನಿ ತಗ್ಗಿಸಿದರು. "ಚೆನ್ನಾಗಿ ಕಾಣ್ತಿತ್ತಮ್ಮ. ಅರವತ್ತಾರು ವರ್ಷಕ್ಕೆ ಮೊದಲ ಸಲ ಕನ್ನಡಿ ಮುಂದೆ ಎರಡು ನಿಮಿಷ ಹೆಚ್ಚು ನಿಂತೆ."

ಚಿಕ್ಕಮ್ಮ ಆ ವಾರವೆಲ್ಲ ಮನೆಮನೆ ತಿರುಗಿದಳು. ಎಂಟು ಜನರಲ್ಲಿ ಆರು ಜನರದ್ದು ಇದೇ ಕಥೆ. ಟೈಲರು, ಎರಡು ಕಡೆಯ ಅಳತೆ ಸಮ ಇಲ್ಲದ್ದನ್ನು ಹಾಕಿಕೊಂಡು ತಿರುಗುವುದು ತಮ್ಮಿಂದಾಗದು ಎಂದರು. ಇನ್ನೊಬ್ಬ ಹೆಂಗಸು, ಕೆಂಪು ಸೀಸೆ ಮುಗಿದಾಗ ಯಾರದ್ದಾದರೂ ಉಳಿದಿದೆಯೇ ಎಂದು ಕಾಯುವ ಕೋಣೆಯಲ್ಲೇ ವಿಚಾರಿಸಿದ್ದಳಂತೆ. ಏಳನೆಯವರಿಗೆ ಯಾವ ಸೀಸೆ ಯಾವ ಕಣ್ಣಿಗೆ ಎಂಬುದೇ ಗೊಂದಲವಾಗಿ, ಈಚೆಗೆ ಎರಡಕ್ಕೂ ಕೆಂಪನ್ನೇ ಬಿಡುತ್ತಿದ್ದರು.

ಎಂಟನೆಯವನು ಬಸ್ ಕಂಡಕ್ಟರು. ಡಿಪೋದ ಬೆಂಚಿನ ಮೇಲೆ ಕೂತು ಚಿಕ್ಕಮ್ಮ ತಮಾಷೆಯಾಗಿಯೇ ಕೇಳಿದಳು, "ನಿಮಗೂ ಕನ್ನಡಿ ಹುಚ್ಚು ಹತ್ತಿತಾ?"

"ರೆಪ್ಪೆ ಯಾರಿಗೆ ಬೇಕು ಅಕ್ಕ. ಅದರಿಂದ ನನಗೆ ತೊಂದ್ರೇನೇ. ಕಣ್ಣು ಮಿಟುಕಿಸ್ತಾನೆ ಅಂತ ಒಬ್ಬ ಹೆಂಗಸು ಕಂಪ್ಲೇಂಟ್ ಕೊಟ್ಟಿದ್ದಾಳೆ." ಅವನು ಟಿಕೆಟ್ ಚೀಲದ ಪಟ್ಟಿಯನ್ನು ಸುತ್ತುತ್ತ ಕೂತ. "ನಮ್ಮಮ್ಮ ಎರಡೂ ಕಣ್ಣು ಕಳ್ಕೊಂಡಿದ್ದು ಇದೇ ಕಾಯಿಲೇಲಿ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ನೀವು ಒಂದು ಕಣ್ಣಿಗೆ ಔಷಧಿ ಕೊಟ್ಟು ಇನ್ನೊಂದಕ್ಕೆ ನೀರು ಕೊಟ್ರಿ. ಮೂರೇ ತಿಂಗಳು ಅಂದ್ರಿ, ಸಹಿ ಹಾಕ್ದೆ. ದಿನಾ ಸಂಜೆ ನೀರು ಬಿಡೋವಾಗ ಅಮ್ಮನ ನೆನಪಾಗೋದು. ತಡೀಲಿಲ್ಲ."

ಚಿಕ್ಕಮ್ಮನಿಗೆ ಜೀವನದಲ್ಲಿ ಮಾತು ನಿಂತದ್ದು ಅದೊಂದೇ ಸಲ ಎಂದು ಅವಳೇ ಹೇಳುತ್ತಾಳೆ. ಮನೆಗೆ ಬಂದು ಸುಮ್ಮನೆ ಕೂತಿದ್ದನ್ನು ಕಂಡು ಮಾವನವರು ಜ್ವರವಿರಬೇಕೆಂದು ಹಣೆ ಮುಟ್ಟಿ ನೋಡಿದರು.

"ನಾನು ಹೋಗಿ ಹೇಳಿದ್ರೆ ಎಂಟು ಜನಾನೂ ಸಿಕ್ಕಿಬೀಳ್ತಾರೆ" ಎಂದಳು ಚಿಕ್ಕಪ್ಪನಿಗೆ. "ನಂಬಿ ಹೇಳಿದ್ದಾರೆ."

"ಹೇಳದಿದ್ರೆ?"

"ನಾಳೆ ಊರಿನವರೆಲ್ಲ ಒಂದೇ ಕಣ್ಣಿಗೆ ಹನಿ ಹಾಕ್ಕೊಂಡು, ಇನ್ನೊಂದು ತಾನಾಗೇ ಸರಿ ಹೋಗುತ್ತೆ ಅಂತ ಕೂರ್ತಾರೆ."

ಚಿಕ್ಕಪ್ಪ ಆವತ್ತಿನ ತನ್ನ ಪಾಲಿನ ಮಾತನ್ನೆಲ್ಲ ಅಲ್ಲೇ ಖರ್ಚು ಮಾಡಿದ. "ಹಾಗಾದ್ರೆ ಯೋಚನೆ ಮಾಡೋದೇನಿದೆ? ಅವರೇ ಬಂದು ಹೇಳಲಿ ಅಂತ ಕೇಳು. ನೀನು ಜೊತೇಲಿರು."

ಬುಧವಾರ ಬೆಳಿಗ್ಗೆ ದೊಡ್ಡ ಡಾಕ್ಟರು ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದರು. ಚಿಕ್ಕಮ್ಮ ಟ್ರೇಯಲ್ಲಿ ಹದಿನಾರು ಸೀಸೆ, ಕೆಮಿಸ್ಟನ ತಕ್ಕಡಿ, ರೆಪ್ಪೆಯ ಪಟ್ಟಿ ಇಟ್ಟುಕೊಂಡು ಒಳಗೆ ಹೋದಳು. ಹಿಂದೆಯೇ ಕೆಮಿಸ್ಟು.

"ಈಗಲ್ಲಮ್ಮ" ಎಂದರು ಅವರು.

"ಈಗಲೇ ಸರ್. ನಾಳೆ ಆದ್ರೆ ತಡ ಆಗುತ್ತೆ." ಒಂದೊಂದು ಸೀಸೆಯನ್ನೂ ತಕ್ಕಡಿಯ ಮೇಲಿಟ್ಟಳು. "ಇದು ನೀರಿಂದು, ಮುಕ್ಕಾಲು ಹಾಗೇ ಇದೆ. ಇದು ಔಷಧೀದು, ಖಾಲಿ. ಇದೂ ಹಾಗೇ. ಇದೂ. ಎಡಗಣ್ಣಿಗೆ ಮೆದುಳು ಹೇಳಿದ್ದಲ್ಲ ಸರ್. ಕೈ ಹಾಕಿದ್ದು."

ದೊಡ್ಡ ಡಾಕ್ಟರು ಎಂಟೂ ಜೋಡಿಯ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿ ಓದಿದರು. ಸೊಟ್ಟ ಸೀಸೆಯ ಚೀಟಿ ಓದಿದಾಗ ಮಾತ್ರ ಕನ್ನಡಕ ತೆಗೆದರು.

"ಹೆಡ್‌ಮೇಡಂ? ಸಾಧ್ಯವೇ ಇಲ್ಲ."

"ಎಂಟೂ ಜನ ಒಪ್ಪಿದ್ದಾರೆ ಸರ್. ಮೇಡಂ ಎಲ್ಲರ ಪರವಾಗಿ ಬಂದು ಹೊರಗೆ ಕೂತಿದ್ದಾರೆ. ಕರೀಲಾ?"

ಕರೆಯುವ ಅಗತ್ಯ ಬೀಳಲಿಲ್ಲ. ಹೆಡ್‌ಮೇಡಂ ಬಾಗಿಲಲ್ಲೇ ನಿಂತಿದ್ದರು. ದೊಡ್ಡ ಡಾಕ್ಟರು ತಟ್ಟನೆ ನೆಟ್ಟಗೆ ನಿಂತರು. ತಪ್ಪು ಮಾಡಿದವರು ಯಾರು, ಕೇಳುವವರು ಯಾರು ಎಂಬುದು ಒಂದು ಗಳಿಗೆ ಯಾರಿಗೂ ಗೊತ್ತಾಗಲಿಲ್ಲ.

"ತಪ್ಪು ನನ್ನದು" ಎಂದರು ಹೆಡ್‌ಮೇಡಂ. "ಬರೆದುಕೊಟ್ಟ ಹೊತ್ತೆಲ್ಲ ನಿಜ, ಬರೆದುಕೊಟ್ಟ ಕಣ್ಣು ಸುಳ್ಳು. ಬೇಕಾದ್ರೆ ಹೆಸರು ತೆಗೆದುಹಾಕು." ಅವರ ಕಣ್ಣು ಹಲಗೆಯ ಮೇಲಿನ ಬಾಣಗಳ ಮೇಲೆ ಬಿತ್ತು. "ಆದರೆ ನೀನೂ ಬದಲಾಗಿಲ್ಲ ಕಣೋ. ಉತ್ತರ ಮೊದಲೇ ಬರೆದಿಟ್ಟು ಆಮೇಲೆ ಲೆಕ್ಕ ಮಾಡೋ ಅಭ್ಯಾಸ ನಿನಗೆ ಐದನೇ ಕ್ಲಾಸಲ್ಲೂ ಇತ್ತು."

ದೊಡ್ಡ ಡಾಕ್ಟರು ಹಲಗೆಯನ್ನು ನೋಡಿದರು, ಸೀಸೆಗಳನ್ನು ನೋಡಿದರು. ಆಮೇಲೆ ಒರೆಸುವ ಬಟ್ಟೆ ತೆಗೆದುಕೊಂಡು ಮೆದುಳಿನಿಂದ ಶುರುಮಾಡಿ ಬಾಣಗಳನ್ನೆಲ್ಲ ತಾವೇ ಒರೆಸಿದರು. ಅವರ ಮುಖ ಕೆಂಪಾಗಿತ್ತು. "ಮೂವತ್ನಾಲ್ಕನೇ ನಂಬರು ಬಿಡದೇನೇ ಕೆಂಪಾಯ್ತಲ್ಲ" ಎಂದು ಕೆಮಿಸ್ಟು ಚಿಕ್ಕಮ್ಮನ ಕಿವಿಯಲ್ಲಿ ಹೇಳಿದ. ದುರದೃಷ್ಟಕ್ಕೆ ಅದು ಎಲ್ಲರಿಗೂ ಕೇಳಿಸಿತು. ಮೊದಲು ನಕ್ಕವರು ದೊಡ್ಡ ಡಾಕ್ಟರೇ.

"ಆ ರೆಪ್ಪೆಯ ಪಟ್ಟಿ ಕೊಡಮ್ಮ ಇಲ್ಲಿ" ಎಂದರು.

ಗುರುವಾರದ ಸಭೆಯಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಂಟು ಜನರನ್ನು ಲೆಕ್ಕದಿಂದ ಬಿಟ್ಟರೂ ಉಳಿದ ಇಪ್ಪತ್ತೆರಡು ಜನರ ಬಲಗಣ್ಣಿನ ಒತ್ತಡ ಚೆನ್ನಾಗಿಯೇ ಇಳಿದಿತ್ತು. ರೆಪ್ಪೆಯ ವಿಷಯ ಬಂದಾಗ ಮಂಡಳಿಯ ಹಿರಿಯರೊಬ್ಬರು ಚಿಂತೆಯಿಂದ, ಇಂಥ ಅಡ್ಡಪರಿಣಾಮ ಇದ್ದರೆ ಜನ ಔಷಧಿ ಬಿಟ್ಟುಬಿಡುವುದಿಲ್ಲವೇ ಎಂದು ಕೇಳಿದರು. "ಬಿಡೋ ಮಾತು ಹಾಗಿರಲಿ ಸರ್, ಎಂಟು ಜನ ಕದ್ದು ಹಾಕ್ಕೊಂಡಿದ್ದಾರೆ" ಎಂದನಂತೆ ಕೆಮಿಸ್ಟು.

ಎರಡನೇ ಸುತ್ತಿನ ಪರೀಕ್ಷೆಗೆ ನಿಯಮ ಬರೆಯುವಾಗ ಚಿಕ್ಕಮ್ಮನನ್ನೂ ಮೇಜಿನ ಸುತ್ತ ಕೂರಿಸಿಕೊಂಡರು. ಅವಳು ಕಂಡಕ್ಟರನ ತಾಯಿಯ ವಿಷಯ ಹೇಳಿದಳು, ಮಧ್ಯೆ ಎರಡು ಸಲ ನೀರು ಕುಡಿದಳು. ಆ ಸುತ್ತಿನಲ್ಲಿ ಯಾರ ಕಣ್ಣಿಗೂ ಬರೀ ನೀರು ಬಿಡಿಸಲಿಲ್ಲ. ಒಂದು ಗುಂಪಿಗೆ ಎರಡೂ ಕಣ್ಣಿಗೆ ಹೊಸ ಔಷಧಿ, ಇನ್ನೊಂದು ಗುಂಪಿಗೆ ಎರಡೂ ಕಣ್ಣಿಗೆ ಅಂಗಡಿಯಲ್ಲಿ ಸಿಗುವ ಹಳೆಯ ಔಷಧಿ. ಹಿಂದಿರುಗಿದ ಸೀಸೆಯನ್ನು ತೂಗುವುದು ಕಡ್ಡಾಯವಾಯಿತು. 'ಇತರೆ' ಕಿಂಡಿ ಅರ್ಧ ಪುಟವಾಯಿತು. ಆ ಅರ್ಧ ಪುಟದಲ್ಲೇ, ಜೇನುಬಣ್ಣದ ಕಣ್ಣಿನ ಅಂಚೆಯವನೊಬ್ಬನ ಕಣ್ಣು ವರ್ಷದಲ್ಲಿ ಕಂದುಬಣ್ಣಕ್ಕೆ ತಿರುಗಿದ್ದೂ ಮೊದಲು ದಾಖಲಾಯಿತು. ಅವನ ಹೆಂಡತಿ ಅದನ್ನು ಚಿಕ್ಕಮ್ಮನಿಗಿಂತ ಮೊದಲೇ ಗಮನಿಸಿ, ಮದುವೆಯಾದದ್ದು ಯಾರನ್ನೋ, ಈಗ ಮನೆಯಲ್ಲಿರುವುದು ಯಾರೋ ಎಂದು ದೂರಿದ್ದಳು.

ಹೆಡ್‌ಮೇಡಂ ಅವರ ಎಡಬಲ ರೆಪ್ಪೆಗಳು ಔಷಧಿ ನಿಂತ ನಾಲ್ಕು ತಿಂಗಳಲ್ಲಿ ಮೊದಲಿನಂತಾದವು. ಎರಡನೇ ಸುತ್ತಿಗೆ ಹೆಸರು ಕೊಡಲು ಅವರು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದರು. ನಿಯಮದ ಪ್ರಕಾರ ಸೇರಿಸಿಕೊಳ್ಳುವಂತಿಲ್ಲ ಎಂದಾಗ, ನಿಯಮ ಸರಿಯಾಗಿದೆ ಎಂದು ಹೇಳಿ, ಸ್ವಲ್ಪ ಬೇಸರದಿಂದಲೇ ಹೊರಟುಹೋದರು.

ಔಷಧಿ ಅಂಗಡಿಗೆ ಬರುವುದಕ್ಕೆ ಇನ್ನೂ ಏಳು ವರ್ಷ ಬೇಕಾಯಿತು. ಬಂದ ದಿನ ಚಿಕ್ಕಮ್ಮ ಒಂದು ಸೀಸೆ ಕೊಂಡು, ಪೆಟ್ಟಿಗೆಯೊಳಗಿನ ಇರುವೆ ಸಾಲಿನಂಥ ಅಕ್ಷರದ ಚೀಟಿಯನ್ನು ಬಿಡಿಸಿ, ಭೂತಗನ್ನಡಿ ಹಿಡಿದು ಹುಡುಕಿದಳು. 'ರೆಪ್ಪೆಗೂದಲು ಉದ್ದವಾಗಬಹುದು, ದಟ್ಟವಾಗಬಹುದು.' ಅಷ್ಟೇ. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಅಂಥ ಚೀಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ. ಅವಳು ಆ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಮಾವನವರು ಕೇಳಿ, "ಕೊನೆಗೂ ಕಣ್ಣಿಗೇ ಬಿಟ್ರಲ್ಲ" ಎಂದು ನಿಟ್ಟುಸಿರಿಟ್ಟರು.

ಚಿಕ್ಕಪ್ಪ ಆ ಚೀಟಿಗೆ ಚೌಕಟ್ಟು ಹಾಕಿಸಿ ಸಲೂನಿನ ಕನ್ನಡಿಯ ಪಕ್ಕದಲ್ಲಿ ನೇತುಹಾಕಿದ. ಯಾರಾದರೂ ಆ ಕಡೆ ನೋಡಿದರೆ ಸಾಕು, ಬಾಚಣಿಗೆಯ ತುದಿಯಿಂದ ಆ ಸಾಲನ್ನು ತೋರಿಸಿ, "ಇದು ನಮ್ಮನೆಯವಳು ಬರೆದಿದ್ದು" ಎನ್ನುತ್ತಾನೆ. ಅವನ ಬಾಯಿಂದ ಕೇಳದೆ ಬರುವ ಮಾತು ಇಡೀ ದಿನದಲ್ಲಿ ಅದೊಂದೇ. ಮುಂದಿನ ಪ್ರಶ್ನೆ ಯಾವಾಗಲೂ ಬೋಳುತಲೆಯ ಗಿರಾಕಿಗಳದ್ದೇ.

"ರೆಪ್ಪೆಗಾಯ್ತು. ತಲೆಗೆ ಯಾವಾಗ ಮಾಡ್ತಾರಂತೆ?"

"ಕೇಳ್ತೀನಿ" ಎನ್ನುತ್ತಾನೆ ಚಿಕ್ಕಪ್ಪ, ಕುತ್ತಿಗೆಗೆ ಬಟ್ಟೆ ಸುತ್ತುತ್ತ. "ಅಲ್ಲೀವರೆಗೆ ಇರೋದನ್ನ ನೀಟಾಗಿ ಮಾಡೋಣ, ತಲೆ ಸ್ವಲ್ಪ ಬಗ್ಗಿಸಿ."